ಮನೆ ಲಿಸ್ಟಲ್ಲಿ ಹೆಸರು ಮೇಲೆ ತರ್ತೀನಿ ಅಂದವನಿಗೆ 18,000 ಕೊಟ್ಟೆವು, ನೀವು ಕೊಡಬೇಡಿ

ದಯವಿಟ್ಟು ಪೂರ್ತಿ ಓದಿ. ಊರಲ್ಲಿ ಅಪ್ಪ ಅಮ್ಮ ಇದ್ದು, ನೀವು ಬೆಂಗಳೂರಲ್ಲೋ ಇನ್ನೆಲ್ಲೋ ಕೆಲಸದಲ್ಲಿದ್ದರೆ ಖಂಡಿತ ಓದಿ. ಸರ್ಕಾರಿ ಮನೆ ಹಾಕಿಸಿಕೊಡ್ತೀನಿ ಅಂತ ಒಬ್ಬ ನಮ್ಮಮ್ಮನ ಹತ್ತಿರ 18,000 ರೂಪಾಯಿ ಕಿತ್ತುಕೊಂಡಿದ್ದಾನೆ. ಹತ್ತು ಸಾವಿರ ಅಮ್ಮ ಆಡು ಮಾರಿ ಕೊಟ್ಟಿದ್ದು. ಎಂಟು ಸಾವಿರ ನಾನೇ ಕಳಿಸಿದ್ದು. ಓದಿದವನು ನಾನು, ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ. ಇದನ್ನು ಬರೆಯೋಕೂ ನಾಚಿಕೆ ಆಗ್ತಿದೆ.

ನಮ್ಮದು ಮಣ್ಣಿನ ಗೋಡೆಯ ಹೆಂಚಿನ ಮನೆ. ಹೋದ ಮಳೆಗಾಲದಲ್ಲಿ ಅಡುಗೆಮನೆ ಕಡೆ ಗೋಡೆ ಅರ್ಧ ಕುಸಿಯಿತು, ಅಲ್ಲಿಗೆ ನೀಲಿ ಟಾರ್ಪಾಲು ಕಟ್ಟಿದ್ದೇವೆ. 2018ರಲ್ಲಿ ಆವಾಸ್ ಪ್ಲಸ್ ಸರ್ವೆ (ಕೇಂದ್ರದ ಆವಾಸ್ ವಸತಿ ಯೋಜನೆಗೆ ಮನೆ ಬೇಕಾದವರನ್ನು ಗುರುತಿಸೋ ಸರ್ವೆ) ಅಂತ ಬಂದವರು ಅಮ್ಮನನ್ನು ಬಾಗಿಲ ಮುಂದೆ ನಿಲ್ಲಿಸಿ ಮೊಬೈಲಲ್ಲಿ ಫೋಟೋ ಹೊಡೆದುಕೊಂಡು ಹೋಗಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಪಂಚಾಯ್ತಿಗೆ ಹೋದಾಗಲೆಲ್ಲ 'ಟಾರ್ಗೆಟ್ ಬಂದಿಲ್ಲಮ್ಮ' ಅನ್ನೋ ಒಂದೇ ಮಾತು. ಟಾರ್ಗೆಟ್ ಅಂದರೆ ಪಂಚಾಯ್ತಿಗೆ ಇಷ್ಟು ಮನೆ ಅಂತ ಮೇಲಿಂದ ಬರೋ ಲೆಕ್ಕ.

ಆಗ ಬಂದ ಈ ಮನುಷ್ಯ. ಕಂಕುಳಲ್ಲಿ ಫೈಲು, ಸದಾ ಪಂಚಾಯ್ತಿ ಬಾಗಿಲಲ್ಲೇ ಓಡಾಟ. ಮೊಬೈಲಲ್ಲಿ ಅಮ್ಮನ ಹೆಸರಿದ್ದ ಸಾಲನ್ನು ದೊಡ್ಡದು ಮಾಡಿ ತೋರಿಸಿದ. 'ಅಕ್ಕಾ, ನಿಮ್ಮ ಹೆಸರು ಇದೆ, ಆದ್ರೆ 143ನೇದು. ಹೀಗೇ ಬಿಟ್ರೆ ಇನ್ನೂ ಹತ್ತು ವರ್ಷ. ಬೆಂಗಳೂರು ಆಫೀಸಲ್ಲಿ ಸ್ವಲ್ಪ ಖರ್ಚಿದೆ, ಮೇಲೆ ತರಿಸ್ತೀನಿ.' ಅಮ್ಮ ನಂಬಿದಳು. ಫೋನಲ್ಲಿ ಕೇಳಿ ನಾನೂ ನಂಬಿದೆ. ದುಡ್ಡು ಕೈ ಸೇರಿದ ಮೂರೇ ವಾರಕ್ಕೆ ವಾಟ್ಸಾಪಲ್ಲಿ ಲಿಸ್ಟ್ ಬಂತು. ಅಮ್ಮನ ಹೆಸರು 17ನೇದು! ನಾನು ಅವನಿಗೆ ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್ ಹೇಳಿದೆ ಕಣ್ರೀ, ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆರು ತಿಂಗಳು ಕಾದೆವು. ಏನೂ ಆಗಲಿಲ್ಲ. ರಜೆ ಹಾಕಿ ಊರಿಗೆ ಹೋಗಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನೇ ಕೇಳಿದೆ. ಅವರು ಕಂಪ್ಯೂಟರಲ್ಲಿ ಲಿಸ್ಟ್ ತೆಗೆದು ನನ್ನ ಕಡೆ ತಿರುಗಿಸಿದರು. 'ನಿಮ್ಮ ತಾಯಿಯವರು ಮೊದಲಿಂದಲೂ 17ನೇಯವರೇ' ಅಂದರು. ಗೋಡೆಗೆ ಹಚ್ಚಿದ್ದ ಹಳೇ ಲಿಸ್ಟ್ ಕೂಡ ತೋರಿಸಿದರು. ಹಾಳೆ ಹಳದಿಯಾಗಿತ್ತು. ಅದರಲ್ಲೂ 17.

ಅಂದರೆ ಅವನು ಯಾವ ಆಫೀಸಿಗೂ ಹೋಗಿಲ್ಲ, ಏನೂ ಮಾಡಿಲ್ಲ. ಮೊದಲು ತೋರಿಸುವಾಗ ನಂಬರ್ ಕಾಣದ ಹಾಗೆ ಬರೀ ಹೆಸರು ತೋರಿಸಿ, ಬಾಯಲ್ಲಿ 143 ಅಂದ. ದುಡ್ಡು ಬಂದ ಮೇಲೆ ಪೂರ್ತಿ ಹಾಳೆ ಕಳಿಸಿದ. ನಮ್ಮ ಹೆಸರನ್ನೇ ನಮಗೆ ಮಾರಿದ.

ಫೋನ್ ಮಾಡಿದೆ. ಮೊದಲು 'ಹೆಸರು ಮೇಲೆ ಬಂತಲ್ಲ ಸಾರ್, ನನ್ನ ಕೆಲಸ ಆಯ್ತಲ್ಲ' ಅಂದ. ಹಳೇ ಲಿಸ್ಟ್ ವಿಷಯ ಎತ್ತಿದ ಮೇಲೆ 'ಅದು ಬೇರೆ ಲಿಸ್ಟ್, ನಿಮಗೆ ಅರ್ಥ ಆಗಲ್ಲ' ಅಂದ. ಪೊಲೀಸಿಗೆ ಹೋಗ್ತೀನಿ ಅಂದಾಗ ದನಿಯೇ ಬದಲಾಯಿತು. 'ಹೋಗಿ. ರಸೀದಿ ಇದ್ಯಾ?' ರಸೀದಿ ಎಲ್ಲಿಂದ ಬರಬೇಕು? ಅಮ್ಮ ಕೊಟ್ಟಿದ್ದು ನೋಟು. ನಾನು ಕಳಿಸಿದ್ದು ಅವನು ಹೇಳಿದ ಯಾವುದೋ ಹೆಂಗಸಿನ ನಂಬರಿಗೆ. ದೂರು ಕೊಟ್ಟಿದ್ದೇನೆ, ದುಡ್ಡು ಬಂದಿಲ್ಲ.

ಪಿಡಿಒ ಹೇಳಿದ್ದು ಇಷ್ಟು. ಆವಾಸ್ ಯೋಜನೆಯಲ್ಲಿ ಮನೆಯೇ ಇಲ್ಲದವರು ಮೊದಲು, ಆಮೇಲೆ ಕಚ್ಚಾ ಮನೆಯಲ್ಲಿ ಎಷ್ಟು ಕೋಣೆ ಅನ್ನೋದರ ಮೇಲೆ ಸಾಲು. ಪರಿಶಿಷ್ಟರು, ಅಲ್ಪಸಂಖ್ಯಾತರು, ಇತರರು ಅಂತ ಬೇರೆ ಬೇರೆ ಲಿಸ್ಟ್. ಅದನ್ನು ಗ್ರಾಮಸಭೆಯ ಮುಂದಿಡಬೇಕು. ಟಾರ್ಗೆಟ್ ಬಂದಷ್ಟು ಹೆಸರು ಮೇಲಿಂದ ಮಂಜೂರು. ನಮ್ಮಂಥ ಬಯಲು ಸೀಮೆಗೆ ಈ ಯೋಜನೆಯಲ್ಲಿ ಒಂದು ಮನೆಗೆ ಸಿಗೋ ದುಡ್ಡು 1,20,000 ರೂಪಾಯಿ. ಪಾಯ, ಗೋಡೆ ಅಂತ ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೋ ಆದ ಮೇಲೆ ಬಿಲ್ ನೇರ ಫಲಾನುಭವಿಯ ಖಾತೆಗೆ. ನಡುವೆ ಯಾರಿಗೂ ಒಂದು ಪೈಸೆ ಕೊಡೋ ಹಾಗಿಲ್ಲ. ಇದನ್ನು ನಾನು ಮೊದಲೇ ಹೋಗಿ ಕೇಳಿದ್ದರೆ ಆ ಆಡು ಇವತ್ತು ಕೊಟ್ಟಿಗೆಯಲ್ಲಿ ಇರುತ್ತಿತ್ತು.

ಹಾಗಾಗಿ ಯಾರಾದರೂ ಮೊಬೈಲಲ್ಲಿ ನಿಮ್ಮ ಹೆಸರು ತೋರಿಸಿದರೆ ಪೂರ್ತಿ ಹಾಳೆ ತೋರಿಸು ಅನ್ನಿ. ಪಂಚಾಯ್ತಿಗೆ ಹೋಗಿ ಲಿಸ್ಟನ್ನು ನೀವೇ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ವಸತಿ ಗ್ರಾಮಸಭೆ ಯಾವತ್ತು ಅಂತ ಕೇಳಿ, ಅವತ್ತು ಕೂಲಿ ಹೋದರೂ ಪರವಾಗಿಲ್ಲ, ಹೋಗಿ ಕೂರಿ. ಆಧಾರ್ ಜೆರಾಕ್ಸ್, ಪಾಸ್‌ಬುಕ್ ಇವನಂಥವರ ಕೈಗೆ ಕೊಡಲೇಬೇಡಿ. ನಮ್ಮದು ಅವನ ಫೈಲಿನಲ್ಲಿ ಈಗಲೂ ಇದೆ, ವಾಪಸ್ ಕೊಟ್ಟಿಲ್ಲ.

ಮೊನ್ನೆ ಭಾನುವಾರ ಅಮ್ಮ ಫೋನ್ ಮಾಡಿದ್ದಳು. ಅವನು ಹಿಂದಿನ ಬೀದಿಯ ವಿಧವೆಯೊಬ್ಬರ ಮನೆ ಜಗಲಿ ಮೇಲೆ ಕೂತು ಮೊಬೈಲ್ ತೋರಿಸುತ್ತಿದ್ದನಂತೆ. ಅಮ್ಮ ಅಲ್ಲಿಗೇ ಹೋಗಿ, ಅವನ ಎದುರಿಗೇ 'ನಂಬರ್ ಎಷ್ಟನೇದು ಅಂತ ಕೇಳೇ' ಅಂದಳಂತೆ. ಅವನು ಫೈಲು ಎತ್ತಿಕೊಂಡು ಎದ್ದುಹೋದನಂತೆ.