ಕಾರು ತೋರಿಸಿದವರು, ತೋರಿಸದವರು: ಎರಡು ಶೋರೂಂಗಳಲ್ಲಿ ನನ್ನ ಅನುಭವ

ಹೊಸ ಕಾರು ಕೊಳ್ಳಲು ಒಂದೇ ಕಂಪನಿಯ ಎರಡು ಶೋರೂಂಗಳೊಡನೆ ವ್ಯವಹರಿಸಿದೆ. ಮಾದರಿ ಒಂದೇ, ಬಣ್ಣ ಒಂದೇ, ಬೆಲೆಯಲ್ಲೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮೊದಲನೆಯ ಕಡೆ ಬುಕಿಂಗ್ ರದ್ದುಮಾಡಿ ಮುಂಗಡ ವಾಪಸು ಪಡೆದೆ, ಎರಡನೆಯ ಕಡೆ ಕಾರು ಕೊಂಡೆ. ಇಬ್ಬರನ್ನೂ ನಾನು ಕೇಳಿದ್ದು ಇಷ್ಟೇ: ನನ್ನ ಹೆಸರಿಗೆ ನೋಂದಣಿಯಾಗಲಿರುವ ಕಾರನ್ನು, ಪೂರ್ತಿ ಹಣ ಕಟ್ಟುವ ಮೊದಲು, ಹಗಲು ಬೆಳಕಿನಲ್ಲಿ ನನಗೆ ತೋರಿಸುತ್ತೀರಾ? ಅದಕ್ಕೆ ಸಿಕ್ಕ ಉತ್ತರದಿಂದಲೇ ನನ್ನ ತೀರ್ಮಾನವಾಯಿತು.

ಮೊದಲ ಶೋರೂಂ ನೋಡಲು ಬಹಳ ಚೆಂದ. ಬಾಗಿಲಲ್ಲೇ ಸ್ವಾಗತ, ಕೂರಲು ಮೆತ್ತನೆಯ ಸೋಫಾ, ಕನ್ನಡಿಯಂತೆ ಹೊಳೆಯುವ ನೆಲ. ನನ್ನ ಜೊತೆ ಅಮ್ಮ ಮತ್ತು ತಮ್ಮ ಬಂದಿದ್ದರು. ಅಮ್ಮನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ಸೀಟು ತೀರ ತಗ್ಗಾಗಿದ್ದರೆ ಏಳುವುದು ಕಷ್ಟ, ತೀರ ಎತ್ತರವಾಗಿದ್ದರೆ ಹತ್ತುವುದು ಕಷ್ಟ. ಹಿಂದಿನ ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹತ್ತುವಾಗ ಹಿಡಿದುಕೊಳ್ಳಲು ಮೇಲೆ ಹಿಡಿಕೆ ಇದೆಯೇ, ಹೊಸ್ತಿಲಿನ ಎತ್ತರ ಎಷ್ಟು ಎಂಬುದೆಲ್ಲ ನನಗೆ ಮುಖ್ಯವಾಗಿತ್ತು. ಕಾರು ಕೊಳ್ಳುವವಳು ನಾನು, ಓಡಿಸುವವಳೂ ನಾನು ಎಂದು ಮೊದಲೇ ಹೇಳಿದ್ದೆ. ಆದರೂ ಅಲ್ಲಿನ ಮಾರಾಟ ಪ್ರತಿನಿಧಿ ಎಂಜಿನ್, ಗೇರ್, ಮೈಲೇಜಿನ ಮಾತನ್ನೆಲ್ಲ ತಮ್ಮನ ಮುಖ ನೋಡಿಯೇ ಆಡಿದರು. ನನ್ನ ಕಡೆ ತಿರುಗಿದ್ದು, "ಮೇಡಂ, ನಿಮಗೆ ಯಾವ ಬಣ್ಣ ಇಷ್ಟ?" ಎಂದು ಕೇಳುವಾಗ ಮಾತ್ರ. ತಮ್ಮನೇ ಬೇಸರಪಟ್ಟು, "ಅಕ್ಕನನ್ನು ಕೇಳಿ, ನನಗೆ ಕಾರು ಓಡಿಸಲು ಬರುವುದಿಲ್ಲ" ಎಂದ. ಅದರ ನಂತರವೂ ಅವರ ಕಣ್ಣು ಅವನ ಮೇಲೆಯೇ. ಮಾರಾಟದ ತರಬೇತಿಯಲ್ಲಿ ಎಷ್ಟೆಲ್ಲ ಕಲಿಸುತ್ತಾರೆ; ಕೊಳ್ಳುವವರು ಯಾರು ಎಂದು ಕೇಳಿ, ಅವರ ಜೊತೆ ಮಾತನಾಡುವುದನ್ನೂ ಕಲಿಸಲೇಬೇಕು.

ಟೆಸ್ಟ್ ಡ್ರೈವ್‌ಗೆ ಕೊಟ್ಟದ್ದು ಎಲ್ಲ ಸೌಲಭ್ಯಗಳೂ ಇರುವ ಮೇಲ್ದರ್ಜೆಯ ಆವೃತ್ತಿ. ನಾನು ಕೊಳ್ಳಲಿದ್ದದ್ದು ಮಧ್ಯಮ ಆವೃತ್ತಿ. ಎರಡರಲ್ಲಿ ಗಾಲಿಯ ಅಳತೆ ಬೇರೆ, ಟಯರಿನ ಪಕ್ಕದ ಗೋಡೆಯ, ಅಂದರೆ ಗಾಲಿಗೂ ನೆಲಕ್ಕೂ ನಡುವಿನ ರಬ್ಬರ್ ಬದಿಯ, ಎತ್ತರ ಬೇರೆ. ಹಾಗಾಗಿ ಗುಂಡಿಯಲ್ಲಿ ಇಳಿದಾಗ ಒಳಗೆ ಕೂತವರಿಗೆ ತಟ್ಟುವ ಏಟೂ ಬೇರೆ. ಚಾಲಕನ ಸೀಟಿನ ಎತ್ತರ ಹೊಂದಿಸುವ ಸೌಲಭ್ಯವೂ ಎಲ್ಲ ಆವೃತ್ತಿಗಳಲ್ಲಿ ಇರುವುದಿಲ್ಲ. ಕೇಳಿದಾಗ, "ಎಲ್ಲ ಒಂದೇ ಮೇಡಂ, ಹೆಚ್ಚು ವ್ಯತ್ಯಾಸವಿಲ್ಲ" ಎಂಬ ಉತ್ತರ ಬಂತು. ಪಕ್ಕದಲ್ಲೇ ಇದ್ದ ಕೈಪಿಡಿಯಲ್ಲಿ ಎರಡೂ ಅಳತೆಗಳು ಅಚ್ಚಾಗಿದ್ದವು. ಪ್ರತಿನಿಧಿಗೆ ಗೊತ್ತಿಲ್ಲದಿದ್ದರೆ ನನಗೆ ಏನೂ ಬೇಸರವಿಲ್ಲ, "ವಿಚಾರಿಸಿ ಹೇಳುತ್ತೇನೆ" ಎಂದರೆ ಸಾಕು. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದಾಗ ಮುಂದಿನ ಯಾವ ಮಾತನ್ನೂ ನಂಬುವುದಕ್ಕೆ ಆಗುವುದಿಲ್ಲ.

ಇಷ್ಟಾದರೂ ಅಲ್ಲಿ ಮುಂಗಡ ಕಟ್ಟಿದೆ, ಏಕೆಂದರೆ ಬೇಕಾದ ಬಣ್ಣ ಬೇಗ ಸಿಗುತ್ತದೆ ಎಂದರು. ಕಟ್ಟಿದ ಮರುಕ್ಷಣವೇ ದನಿ ಬದಲಾಯಿತು. ಅದುವರೆಗೆ ತಾವಾಗಿಯೇ ಫೋನ್ ಮಾಡುತ್ತಿದ್ದವರು ಈಗ ನಾನು ಮಾಡಿದರೂ ಎತ್ತುತ್ತಿರಲಿಲ್ಲ. ಕೊಟೇಶನ್ ಕೇಳಿದರೆ ಒಂದೇ ಸಾಲಿನ ಮೊತ್ತ ಕಳಿಸಿದರು. ಬಿಡಿಸಿ ಬರೆದುಕೊಡಿ ಎಂದ ಮೇಲೆ ಬಂದ ಪಟ್ಟಿಯಲ್ಲಿ ನಾನು ಕೇಳದ ಚಾಪೆ, ಬಣ್ಣದ ರಕ್ಷಣೆಗೆಂದು ಬಳಿಯುವ ಲೇಪ, ವಿಸ್ತರಿತ ವಾರಂಟಿ, ಜೊತೆಗೆ ಅವರೇ ಆರಿಸಿದ ವಿಮೆ ಸೇರಿದ್ದವು. ಹೊಸ ಕಾರಿನ ಮೇಲೆ ಡೀಲರಿಗೆ ಉಳಿಯುವ ಲಾಭ ಕಡಿಮೆ. ಸಾಲ, ವಿಮೆ, ಬಿಡಿ ಸಾಮಾನು ಮತ್ತು ಸರ್ವಿಸ್‌ನಿಂದ ಬರುವ ಆದಾಯವೇ ಅವರ ಅಂಗಡಿಯನ್ನು ನಡೆಸುತ್ತದೆ. ಅದು ನನಗೆ ಅರ್ಥವಾಗುತ್ತದೆ. ಅವರೂ ಬದುಕಬೇಕು. ಆದರೆ ಬೇಕೇ ಎಂದು ಕೇಳಿ ಸೇರಿಸಬೇಕು. ಕೇಳದೆ ಸೇರಿಸಿ, ಗಮನಿಸಿದವರಿಗೆ ಮಾತ್ರ ತೆಗೆದುಕೊಡುವುದು ಗಮನಿಸದವರಿಗೆ ಮಾಡುವ ಅನ್ಯಾಯ.

ಕೊನೆಗೆ ನಾನು ಆ ಪ್ರಶ್ನೆ ಕೇಳಿದೆ. ಕಾರು ಯಾರ್ಡಿಗೆ (ಹೊಸ ಕಾರುಗಳನ್ನು ತಂದು ನಿಲ್ಲಿಸುವ ಜಾಗಕ್ಕೆ) ಬಂದಿದೆ ಎಂದಿರಲ್ಲ, ನೋಂದಣಿಗೆ ಕಳಿಸುವ ಮುಂಚೆ ನೋಡಬಹುದೇ? "ಡೆಲಿವರಿ ದಿನ ಹೊದಿಕೆ ತೆಗೆದಾಗಲೇ ನೋಡಿ ಮೇಡಂ, ಖುಷಿ ಹೆಚ್ಚು" ಎಂದರು. ಶಾಸಿ ಸಂಖ್ಯೆಯನ್ನಾದರೂ, ಅಂದರೆ ಕಾರಿನ ಗುರುತಿನ ಸಂಖ್ಯೆಯನ್ನಾದರೂ ಕೊಡಿ ಎಂದೆ. ಪೂರ್ತಿ ಹಣ ಕಟ್ಟಿದ ಮೇಲೆ ಕೊಡುತ್ತೇವೆ ಎಂದರು. ಮ್ಯಾನೇಜರನ್ನು ಕಂಡೆ, ಅವರದ್ದೂ ಅದೇ ಮಾತು, "ನಮ್ಮ ಪದ್ಧತಿ ಹೀಗೆಯೇ."

ಆ ಸಂಖ್ಯೆ ಯಾಕೆ ಬೇಕಿತ್ತು ಎಂದರೆ, ಕಾರಿನ ವಯಸ್ಸು ತಿಳಿಯುವ ದಾರಿ ಅಲ್ಲಿಂದಲೇ ಶುರುವಾಗುತ್ತದೆ. ಇಂದಿನ ಕಾರುಗಳ ಗುರುತಿನ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕೆಗಳಿರುತ್ತವೆ. 1 ಮತ್ತು 0 ಜೊತೆ ಗೊಂದಲವಾಗಬಾರದೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಒಂದು ಕಾರಿನ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ. ಆ ಸಂಖ್ಯೆ ನನ್ನ ಕೈಯಲ್ಲಿದ್ದರೆ, ನಾನು ನೋಡಿ ಒಪ್ಪಿದ ಕಾರೇ ನನ್ನ ಮನೆಗೆ ಬಂದಿದೆಯೇ ಎಂದು ಖಚಿತವಾಗಿ ಹೇಳಬಹುದು. ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತ ಕಾರನ್ನೋ, ಸಾಗಣೆಯಲ್ಲಿ ತರಚಿ ಮತ್ತೆ ಬಣ್ಣ ಬಳಿದ ಕಾರನ್ನೋ ತೊಳೆದು ಒರೆಸಿ ನಿಲ್ಲಿಸಿದರೆ ಡೆಲಿವರಿಯ ಸಂಭ್ರಮದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೂ ಅಷ್ಟರಲ್ಲಿ ಅದು ನಮ್ಮ ಹೆಸರಿಗೆ ಆಗಿರುತ್ತದೆ. ನೋಂದಣಿಗೆ ಮುಂಚೆ ದೋಷ ಕಂಡರೆ ಬೇರೆ ಕಾರು ಕೇಳಬಹುದು. ಆಮೇಲೆ ಕಂಡರೆ ರಿಪೇರಿಯ ಮಾತು ಮಾತ್ರ ಉಳಿಯುತ್ತದೆ.

ಬುಕಿಂಗ್ ರದ್ದುಮಾಡಿದೆ. ಮುಂಗಡ ಹಿಂದಿರುಗಿಸಲು ಬಹಳ ಸತಾಯಿಸಿದರು. ಬಾಯಿಮಾತು ಬಿಟ್ಟು, ರಸೀದಿಯ ಪ್ರತಿ ಲಗತ್ತಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದ ಮೇಲೆ ಹಣ ಬಂತು.

ಎರಡನೆಯ ಶೋರೂಂ ಹಳೆಯದು, ಚಿಕ್ಕದು. ಕುರ್ಚಿಗಳು ಸವೆದಿದ್ದವು. ಅಲ್ಲಿ ಮಾತಿಗೆ ಸಿಕ್ಕಿದ್ದು ಚಿಕ್ಕ ವಯಸ್ಸಿನ ಹುಡುಗಿ. ಮೊದಲ ಪ್ರಶ್ನೆಯೇ, "ಕಾರಿನಲ್ಲಿ ಹೆಚ್ಚಾಗಿ ಯಾರು ಯಾರು ಓಡಾಡುತ್ತೀರಿ?" ಅಮ್ಮನ ವಿಷಯ ಹೇಳಿದೆ. ಆಕೆ ಮೂರು ಮಾದರಿಗಳ ಹಿಂದಿನ ಬಾಗಿಲುಗಳನ್ನು ತೆರೆದು, ಅಮ್ಮನನ್ನು ಒಂದೊಂದರಲ್ಲಿ ಕೂರಿಸಿ ಇಳಿಸಿದರು, ಅವಸರ ಮಾಡಲಿಲ್ಲ. ಒಂದರಲ್ಲಿ ಕಾಲು ಒಳಗೆಳೆದುಕೊಳ್ಳುವಾಗ ಮೊಣಕಾಲು ಬಾಗಿಲ ಕಂಬಕ್ಕೆ ತಗುಲುತ್ತಿತ್ತು. "ಇದು ಅಮ್ಮನಿಗೆ ಬೇಡ, ಮುಂದಿನ ಸೀಟೇ ಒಳ್ಳೆಯದು" ಎಂದು ಆಕೆಯೇ ಹೇಳಿದರು. ಅದು ಆ ಮೂರರಲ್ಲಿ ಎಲ್ಲಕ್ಕಿಂತ ದುಬಾರಿ ಮಾದರಿ. ಆ ಕ್ಷಣ ನನಗೆ ಆ ಹುಡುಗಿಯ ಮೇಲೆ ಹುಟ್ಟಿದ ಗೌರವ ಇನ್ನೂ ಹಾಗೆಯೇ ಇದೆ.

ಕಾರು ನೋಡಬಹುದೇ ಎಂದು ಇಲ್ಲೂ ಕೇಳಿದೆ. "ನೋಡಲೇಬೇಕು" ಎಂದು ಶಾಸಿ ಸಂಖ್ಯೆಯನ್ನು ಸಂದೇಶದಲ್ಲಿ ಕಳಿಸಿ, ಬೆಳಿಗ್ಗೆ ಯಾರ್ಡಿಗೆ ಬನ್ನಿ, ಸಂಜೆಯ ಬೆಳಕಲ್ಲಿ ಗೀರುಗಳು ಕಾಣುವುದಿಲ್ಲ ಎಂದರು. ಯಾರ್ಡಿನಲ್ಲಿ ತಂತ್ರಜ್ಞರೊಬ್ಬರು ಟಾರ್ಚು ಮತ್ತು ತಪಾಸಣೆ ಪಟ್ಟಿ ಹಿಡಿದು ಕಾಯುತ್ತಿದ್ದರು. ನಾನು ತಂದಿದ್ದ ಪಟ್ಟಿಗಿಂತ ಅವರದ್ದೇ ಉದ್ದವಿತ್ತು.

ಅವರು ಮೊದಲು ಟಯರಿನ ಮುಂದೆ ಕುಳಿತರು. ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿದ ಸಂಕೇತದ ಕೊನೆಯ ನಾಲ್ಕು ಅಂಕೆಗಳನ್ನು ಬೆರಳಿಟ್ಟು ತೋರಿಸಿದರು. ಮೊದಲ ಎರಡು ವಾರ, ಮುಂದಿನ ಎರಡು ವರ್ಷ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟಯರು ಮತ್ತು ಸ್ಟೆಪ್ನಿಯ ಅಂಕೆಗಳನ್ನು ಓದಿ ಬರೆದುಕೊಂಡರು. ಟಯರುಗಳು ಕಾರು ತಯಾರಾದ ಸಮಯಕ್ಕಿಂತ ಕೆಲವು ವಾರ ಹಳೆಯವಾಗಿರುವುದು ಸಹಜ. ಬಹಳ ಹಳೆಯವಾಗಿದ್ದರೆ, ಇಲ್ಲವೇ ಒಂದು ಮಾತ್ರ ಬೇರೆ ಕಾಲದ್ದಾಗಿದ್ದರೆ ಕಾರಣ ಕೇಳಬೇಕು ಎಂದರು. ಮತ್ತೆ ಗಾಳಿಯ ಒತ್ತಡ ನೋಡಿದರು. ಅದು ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿರುವುದಕ್ಕಿಂತ ಸಾಕಷ್ಟು ಹೆಚ್ಚಿತ್ತು. ದೂರದ ಸಾಗಣೆಯಲ್ಲಿ, ಯಾರ್ಡಿನಲ್ಲಿ ನಿಂತಲ್ಲೇ ನಿಂತಾಗ ಟಯರು ಒಂದು ಕಡೆ ಚಪ್ಪಟೆಯಾಗದಿರಲಿ ಎಂದು ಹೆಚ್ಚು ಗಾಳಿ ತುಂಬಿ ಕಳಿಸುತ್ತಾರಂತೆ. ಅದನ್ನು ಇಳಿಸುವುದು ಡೆಲಿವರಿ ಪೂರ್ವ ತಪಾಸಣೆಯ ಕೆಲಸ. ಇಳಿಸದೆ ಕೊಟ್ಟರೆ ಹೊಸ ಕಾರು ಎತ್ತಿಹಾಕುತ್ತದೆ, ಬ್ರೇಕಿನ ಹಿಡಿತವೂ ಕಡಿಮೆಯಾಗುತ್ತದೆ, ಕೊಂಡವರು ಕಾರನ್ನೇ ಬೈದುಕೊಳ್ಳುತ್ತಾರೆ.

ಬ್ಯಾಟರಿಗೆ ಮೀಟರ್ ಇಟ್ಟು ನೋಡಿದರು. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇದು 12.3ರ ಹತ್ತಿರವಿತ್ತು. ಅವರು ಮುಚ್ಚಿಡಲಿಲ್ಲ. "ನಿಂತು ನಿಂತು ಇಳಿದಿದೆ, ಚಾರ್ಜಿಗೆ ಹಾಕಿ ಪರೀಕ್ಷಿಸುತ್ತೇನೆ, ಹಿಡಿದುಕೊಳ್ಳದಿದ್ದರೆ ಬದಲಿಸಿಕೊಡುತ್ತೇವೆ" ಎಂದು ಪಟ್ಟಿಯಲ್ಲೇ ಬರೆದು ಸಹಿ ಹಾಕಿದರು. ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರವನ್ನು ಬಾಗಿಲು, ಬಾನೆಟ್, ಛಾವಣಿಯ ಮೇಲೆ ಒಂದೊಂದಾಗಿ ಇಟ್ಟರು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಆಸುಪಾಸಿನಲ್ಲಿರುತ್ತದೆ. ಒಂದು ಭಾಗ ಮಾತ್ರ ಉಳಿದವುಗಳಿಗಿಂತ ತೀರ ದಪ್ಪವಾಗಿದ್ದರೆ ಅಲ್ಲಿ ಮತ್ತೆ ಬಳಿದಿದ್ದಾರೆ ಎಂದು ಅನುಮಾನಿಸಬೇಕು. ನನ್ನ ಕಾರಿನಲ್ಲಿ ಎಲ್ಲ ಕಡೆಯೂ ಅಂಕೆ ಹತ್ತಿರ ಹತ್ತಿರವೇ ಇತ್ತು. ಬ್ರೇಕಿನ ತಟ್ಟೆಗಳ ಮೇಲೆ ತೆಳ್ಳನೆಯ ಕೆಂಪು ತುಕ್ಕು ಕಂಡು ಗಾಬರಿಯಾದೆ. ತೇವ ತಗುಲಿದರೆ ಒಂದು ರಾತ್ರಿಯಲ್ಲೇ ಹಾಗಾಗುತ್ತದೆ, ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಹೋಗುತ್ತದೆ ಎಂದು, ಕಾರನ್ನು ಅಲ್ಲೇ ಹಿಂದೆ ಮುಂದೆ ಓಡಿಸಿ ತೋರಿಸಿಯೇಬಿಟ್ಟರು.

ಹಿಂದಿನ ಎಡಬಾಗಿಲಿನ ರಬ್ಬರ್ ಅಂಚು ಒಂದು ಕಡೆ ಜಾಗ ಬಿಟ್ಟು ಎದ್ದಿತ್ತು. ನನಗೆ ಕಂಡಿರಲಿಲ್ಲ, ಅವರೇ ಕಂಡುಹಿಡಿದು ಹೊಸದನ್ನು ತರಿಸಿ ಹಾಕಿದ ಮೇಲೆಯೇ ಕಾರನ್ನು ನೋಂದಣಿಗೆ ಕಳಿಸಿದರು. ಇದರಿಂದ ಡೆಲಿವರಿ ತಡವಾಯಿತು. ತಡವಾಗುತ್ತದೆ ಎಂದು ಮೊದಲೇ ಫೋನ್ ಮಾಡಿ ತಿಳಿಸಿದ್ದರಿಂದ ಬೇಸರವಾಗಲಿಲ್ಲ. ವಿಮೆಯ ವಿಷಯದಲ್ಲೂ, "ನಮ್ಮಲ್ಲಿ ಇಷ್ಟು, ಹೊರಗೆ ವಿಚಾರಿಸಿ ಬನ್ನಿ" ಎಂದರು. ವಿಚಾರಿಸಿದೆ, ಹೊರಗೆ ಕಡಿಮೆಗೆ ಸಿಕ್ಕಿತು, ಅಲ್ಲೇ ಮಾಡಿಸಿದೆ. ಅದಕ್ಕಾಗಿ ಮುಖ ಸಿಂಡರಿಸಲಿಲ್ಲ.

ಎಲ್ಲವೂ ಸರಿಯಿತ್ತು ಎಂದೇನೂ ಅಲ್ಲ. ಹಳೆಯ ಕಾರಿಗೆ ಅವರು ಕಟ್ಟಿದ ಬೆಲೆ ತೀರ ಕಡಿಮೆ; ಅದನ್ನು ನಾನೇ ಹೊರಗೆ ಮಾರಿದೆ. ಕಾಗದಪತ್ರದ ಮೇಜಿನಲ್ಲಿ ಒಬ್ಬರೇ ಇದ್ದರು, ತಿಂಗಳ ಕೊನೆ ಬೇರೆ. ಮಾರಾಟದ ಗುರಿ ಮುಟ್ಟುವ ಅವಸರದಲ್ಲಿ ಎಲ್ಲ ಡೆಲಿವರಿಗಳೂ ಆ ಕೆಲವೇ ದಿನಗಳಿಗೆ ಬಂದು ಬೀಳುತ್ತವೆ. ಸಾಧ್ಯವಿದ್ದವರು ತಿಂಗಳ ಮಧ್ಯದಲ್ಲಿ ಡೆಲಿವರಿ ಕೇಳಿ. ಕಾರಿನ ಗುಂಡಿಗಳನ್ನು ವಿವರಿಸುವವರಿಗೆ ನಿಮ್ಮ ಜೊತೆ ಕೂರಲು ಸಮಯವಿರುತ್ತದೆ. ನನಗೆ ಆ ವಿವರಣೆ ಅರೆಬರೆ ಸಿಕ್ಕಿತು. ಟಯರಿನ ಗಾಳಿಯ ಎಚ್ಚರಿಕೆ ದೀಪ ಉರಿದಾಗ ಏನು ಮಾಡಬೇಕೆಂದು ಮನೆಗೆ ಬಂದು ಕೈಪಿಡಿ ಓದಿಯೇ ತಿಳಿದುಕೊಂಡೆ.

ಡೆಲಿವರಿಯ ನಂತರ ಕಂಪನಿಯಿಂದ ಸಮೀಕ್ಷೆಯ ಕರೆ ಬರುತ್ತದೆ. ಅದರಲ್ಲಿ ಸಿಗುವ ಅಂಕಗಳಿಗೂ ಡೀಲರಿಗೆ ಸಿಗುವ ಪ್ರೋತ್ಸಾಹಧನಕ್ಕೂ ಎಷ್ಟೋ ಕಂಪನಿಗಳಲ್ಲಿ ನಂಟಿದೆ. ಹಾಗಾಗಿಯೇ ಹತ್ತಕ್ಕೆ ಹತ್ತು ಕೊಡಿ ಎಂದು ಅನೇಕ ಕಡೆ ಮೊದಲೇ ಬೇಡಿಕೊಳ್ಳುತ್ತಾರೆ. ಈ ಹುಡುಗಿ ಹಾಗೆ ಕೇಳಲಿಲ್ಲ. ಮಾರಾಟಕ್ಕೆ ಮತ್ತು ಯಾರ್ಡಿನ ತಪಾಸಣೆಗೆ ಹತ್ತು ಕೊಟ್ಟೆ, ಕಾಗದಪತ್ರಕ್ಕೆ ಆರು, ಕಾರಿನ ವಿವರಣೆಗೆ ಐದು. ಆ ತಂತ್ರಜ್ಞರು ತಾವಾಗಿಯೇ ರಬ್ಬರಿನ ದೋಷ ತೋರಿಸಿದ್ದನ್ನು ಬರೆದುಕೊಳ್ಳುವಂತೆ ಕರೆ ಮಾಡಿದವರಿಗೆ ಎರಡು ಸಲ ಹೇಳಿದೆ. ಮರುದಿನ ಶೋರೂಂನ ಮ್ಯಾನೇಜರ್ ಫೋನ್ ಮಾಡಿ, ಐದು ಕೊಟ್ಟದ್ದರ ಕಾರಣ ಕೇಳಿ, ಮೊದಲ ಸರ್ವಿಸ್‌ಗೆ ಬಂದಾಗ ಅರ್ಧ ಗಂಟೆ ಕೂತು ಎಲ್ಲವನ್ನೂ ಹೇಳಿಕೊಡುವ ವ್ಯವಸ್ಥೆ ಮಾಡಿದರು. ಹೇಳಿದ ಹಾಗೆ ಮಾಡಿಯೂ ಕೊಟ್ಟರು.