ಮಲಾವಿಯ ‘ಚಿಪತಾಲಾ ಚಾ ಪಾ ಫೋನಿ’: ಓದು ಬರದವ್ರಿಗೂ ಸಿಗೋ ಆರೋಗ್ಯ ಮಾಹಿತಿ

ಆಫ್ರಿಕಾದ ಹಳ್ಳಿಗಳಿಗೆ ಅಂತ ಹೆಲ್ತ್ ಆ್ಯಪ್‌ಗಳು ಬರ್ತಾನೇ ಇರ್ತವೆ, ಬಹಳಷ್ಟಕ್ಕೆ ಸ್ಮಾರ್ಟ್‌ಫೋನ್ ಬೇಕು, ಡೇಟಾ ಬೇಕು, ಓದೋಕೆ ಬರ್ಬೇಕು. ಕೆಲಸದ ಮೇಲೆ ಮಲಾವಿಯಲ್ಲಿರೋ ನಾನು ನೋಡಿದ ಹಾಗೆ ಹಳ್ಳಿ ಹೆಣ್ಮಕ್ಕಳಿಗೆ ನಿಜವಾಗ್ಲೂ ಉಪಯೋಗಕ್ಕೆ ಬಂದಿರೋದು ಒಂದು ಫೋನ್ ನಂಬರ್, 54747. ಹೆಸರು ಚಿಪತಾಲಾ ಚಾ ಪಾ ಫೋನಿ, ಫೋನಲ್ಲೇ ಆಸ್ಪತ್ರೆ ಅಂತ. ನಮ್ಮ 104 ಆರೋಗ್ಯ ಸಹಾಯವಾಣಿ ಥರಾನೇ.

2011ರಲ್ಲಿ ಬಲಾಕಾ ಜಿಲ್ಲೆಯಲ್ಲಿ ವಿಲೇಜ್‌ರೀಚ್ ಅನ್ನೋ ಸಂಸ್ಥೆ ಸರ್ಕಾರದ ಜೊತೆ ಸೇರಿ ಶುರು ಮಾಡಿದ್ದು. ಮೊದಲು ಬಸುರಿ, ಬಾಣಂತಿ, ಎಳೆ ಮಕ್ಕಳ ವಿಷಯ ಮಾತ್ರ ಇತ್ತು, ಆಮೇಲೆ ಬೇರೆ ಕಾಯಿಲೆ, ಊಟದ ವಿಷಯ ಎಲ್ಲಾ ಸೇರ್ಕೊಂಡು 2018ರ ಹೊತ್ತಿಗೆ ಇಡೀ ದೇಶಕ್ಕೆ ಹಬ್ತು. ಏರ್‌ಟೆಲ್ ನಂಬರಿಂದ ಕಾಲ್ ಫ್ರೀ.

ನಂಗೆ ತುಂಬಾ ಹಿಡಿಸಿದ್ದು ಇದ್ರ ಟಿಪ್ಸ್ ವ್ಯವಸ್ಥೆ. ಎಷ್ಟನೇ ವಾರದ ಬಸುರಿ ಅಂತ ಹೇಳಿ ಹೆಸರು ಬರೆಸಿದ್ರೆ ಆ ವಾರಕ್ಕೆ ತಕ್ಕ ಸಲಹೆ ಬರತ್ತೆ, ಓದೋಕೆ ಬಂದ್ರೆ ಮೆಸೇಜು, ಬರ್ದಿದ್ರೆ ದನಿಯಲ್ಲಿ, ಅದೂ ಇಲ್ಲಿನ ಜನ ಆಡೋ ಚಿಚೆವಾ ಭಾಷೆಯಲ್ಲಿ. ಸ್ವಂತ ಫೋನೇ ಇಲ್ಲ ಅನ್ನೋರ್ಗೂ ದಾರಿ ಇಟ್ಟಿದ್ರು, ಊರಲ್ಲಿ ಒಬ್ಬ ಸ್ವಯಂಸೇವಕರ ಹತ್ರ ಫೋನ್ ಇರ್ತಿತ್ತು, ಅದ್ರಿಂದ ಕಾಲ್ ಮಾಡಿ ತನ್ನ ಪಾಲಿನ ಸಲಹೆ ಕೇಳಿಸ್ಕೋಬೋದಿತ್ತು. ಮನೇಲಿರೋ ಒಂದೇ ಫೋನು ಗಂಡನ ಜೇಬಲ್ಲಿ ಇರೋ ಕಡೆ ಇದು ಎಷ್ಟು ದೊಡ್ಡ ಉಪಕಾರ ಅಂತ ಆಫೀಸಲ್ಲಿ ಕೂತು ಆ್ಯಪ್ ಮಾಡೋರು ಯೋಚ್ನೆ ಮಾಡ್ಬೇಕು.

ನಮ್ಮಲ್ಲಿ ಕೆಲಸಕ್ಕೆ ಬರೋ ಅಕ್ಕ ಮಗೂಗೆ ಜ್ವರ ಅಂತ ಸ್ಪೀಕರ್ ಹಾಕಿ ಮಾತಾಡಿದಾಗ ಪಕ್ಕದಲ್ಲೇ ಇದ್ದೆ. ಆ ಕಡೆಯವ್ರು ಎಷ್ಟು ದಿನದಿಂದ ಜ್ವರ, ಹಾಲು ಕುಡೀತಿದ್ಯಾ, ಉಸಿರಾಟ ಜೋರಾಗಿದ್ಯಾ, ಫಿಟ್ಸ್ ಏನಾದ್ರೂ ಬಂತಾ ಅಂತ ಒಂದೊಂದಾಗಿ ಕೇಳಿದ್ರು, ಆತುರ ಇಲ್ಲ, ಗದರಿಕೆ ಇಲ್ಲ. ಇಲ್ಲಿ ಸಣ್ಣ ಮಕ್ಕಳ ಜ್ವರ ಅಂದ್ರೆ ಮೊದಲು ಮಲೇರಿಯಾನೇ ನೆನಪಾಗೋದು, ಮನೇಲಿ ಮಾತ್ರೆ ಕೊಟ್ಟು ಕಾಯ್ಬೇಡಿ, ಇವತ್ತೇ ಟೆಸ್ಟ್ ಮಾಡಿಸಿ ಅಂದ್ರು. ಅಕ್ಕ ಆಮೇಲೆ ತಾನಾಗೇ ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ಳು, ಕ್ಲಿನಿಕ್ ಕ್ಯೂನಲ್ಲಿ ಅವ್ಳು ಬಾಯೇ ಬಿಡಲ್ಲ.

ಬೇಜಾರಿನ ವಿಷಯಾನೂ ಇದೆ. ಫೋನಲ್ಲಿ ಎಷ್ಟೇ ಚೆನ್ನಾಗಿ ಹೇಳಿದ್ರೂ ಗಂಟೆಗಟ್ಲೆ ನಡ್ಕೊಂಡು ಹೋದ್ಮೇಲೆ ಆರೋಗ್ಯ ಕೇಂದ್ರದಲ್ಲಿ ಔಷಧಿ ಇಲ್ಲ ಅಂದ್ಬಿಟ್ರೆ ಏನ್ ಮಾಡೋದು, ಒಂದು ಕಡೆ ಹಾಗೇ ಆಗಿದ್ದು ಗೊತ್ತು. ಮತ್ತೆ ಕರೆಂಟಿಲ್ಲದ ಊರೇ ಜಾಸ್ತಿ, ಫೋನ್ ಚಾರ್ಜ್ ಮಾಡ್ಸೋಕೂ ಅಂಗಡಿಗೆ ದುಡ್ಡು ಕೊಡ್ಬೇಕು, ಕಾಲ್ ಫ್ರೀ ಇದ್ರೂ ಆ ಖರ್ಚು ತಪ್ಪಲ್ಲ.

ಆದ್ರೂ 5ಕ್ಕೆ 4 ಸ್ಟಾರ್ ಧಾರಾಳವಾಗಿ ಕೊಡ್ತೀನಿ. ಬ್ಲಾಂಟೈರ್, ಲಿಲೋಂಗ್ವೆ ಕಡೆ ಇರೋ ಕನ್ನಡದವ್ರೇ, ನಿಮ್ಮ ಮನೆ, ಅಂಗಡಿ, ಗೋಡೌನಲ್ಲಿ ಕೆಲಸ ಮಾಡೋರಿಗೆ ಈ ನಂಬರ್ ಗೊತ್ತಾ ಅಂತ ಒಂದ್ಸಲ ಕೇಳಿ, ಗೊತ್ತಿಲ್ಲ ಅಂದ್ರೆ ಅವ್ರ ಊರಿನ ಮನೆಗೂ ತಿಳಿಸೋಕೆ ಹೇಳಿ.