ಎಡಿಎಚ್‌ಡಿ ಇರುವ ಹೆಂಗಸಿಗೆ ಟ್ರಾಮಾ ಥೆರಪಿ: ನಾನು ಪಡೆದ ಇಎಂಡಿಆರ್ ಚಿಕಿತ್ಸೆ ಹೇಗಿತ್ತು

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಮರೆವು, ಚಡಪಡಿಕೆ ಇರುವ ಮಿದುಳಿನ ಸ್ಥಿತಿ) ಇರುವ ಹೆಂಗಸರು ಟ್ರಾಮಾ ಥೆರಪಿಗೆ, ಅಂದರೆ ಮನಸ್ಸಿಗೆ ಆದ ಹಳೆಯ ಆಘಾತದ ಚಿಕಿತ್ಸೆಗೆ, ಹೊರಟಾಗ ಯಾವ ಪದ್ಧತಿ ಒಳ್ಳೆಯದು ಅಂತ ಹುಡುಕುತ್ತಾರೆ. ಅದಕ್ಕೂ ಮೊದಲು ವಿಚಾರಿಸಬೇಕಾದದ್ದು, ಆ ಥೆರಪಿಸ್ಟ್‌ಗೆ ಎಡಿಎಚ್‌ಡಿ ಗೊತ್ತಾ ಅಂತ. ನಾನು ಮೊದಲು ಹೋದ ಕಡೆ ಅರ್ಧಕ್ಕೇ ಬಿಟ್ಟೆ. ಆಮೇಲೆ ಹೋದ ಕಡೆ ಪೂರ್ತಿ ಮುಗಿಸಿದೆ. ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಆ ಎರಡನೆಯದರ ಬಗ್ಗೆ.

ನನ್ನ ಕಥೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಚಿಕ್ಕಂದಿನಲ್ಲಿ ಏನಾದರೂ ಕಳೆದುಕೊಂಡು ಬಂದರೆ ಅಪ್ಪ ಬೆಲ್ಟ್ ತೆಗೆಯುತ್ತಿದ್ದರು. ಪೆನ್ಸಿಲ್, ಸ್ವೆಟರ್, ಬೀಗದ ಕೈ, ಏನೇ ಆಗಲಿ. ನಾನು ಕಳೆದುಕೊಳ್ಳುತ್ತಲೇ ಇದ್ದೆ, ಏಟು ಬೀಳುತ್ತಲೇ ಇತ್ತು. ನನಗೆ ಎಡಿಎಚ್‌ಡಿ ಇದೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಮಗನನ್ನು ಪರೀಕ್ಷೆಗೆ ಕರೆದುಕೊಂಡು ಹೋದಾಗ. ಕ್ಲಾಸಿನಲ್ಲಿ ಓಡಾಡುವ, ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ನೆ ಕೂತು ಮನಸ್ಸು ಎಲ್ಲೋ ಹೋಗಿರುವ ಹುಡುಗಿಯನ್ನು ಯಾರೂ ಗಮನಿಸುವುದಿಲ್ಲ. ಅವಳಿಗೆ ಅಜಾಗರೂಕೆ, ಸೋಮಾರಿ ಅಂತ ಹೆಸರು ಬರುತ್ತದೆ ಅಷ್ಟೆ.

ದೊಡ್ಡವಳಾದ ಮೇಲೂ ಬೀಗದ ಕೈ ಸಿಗದಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು, ಉಸಿರು ಮೇಲಕ್ಕೇ ನಿಲ್ಲುತ್ತಿತ್ತು. ಬೇರೆಯವರಿಗೆ ಹಳೆಯ ನೋವು ಯಾವಾಗಲೋ ಒಮ್ಮೆ ನೆನಪಾಗಬಹುದು. ಎಡಿಎಚ್‌ಡಿ ಇರುವವರು ದಿನಾ ಏನಾದರೂ ಮರೆಯುತ್ತಾರೆ. ಮರೆತದ್ದಕ್ಕೇ ಏಟು ತಿಂದವಳಿಗೆ ಪ್ರತಿ ದಿನವೂ ಆ ಬೆಲ್ಟಿನ ದಿನವೇ. ಈ ಗಂಟು ಅರ್ಥವಾಗದವರ ಹತ್ತಿರ ಹೋಗಿ ಪ್ರಯೋಜನವಿಲ್ಲ.

ಮೊದಲ ಥೆರಪಿಸ್ಟ್ ಕೊಟ್ಟದ್ದು ಸಿಪಿಟಿ. ನಡೆದದ್ದರ ಬಗ್ಗೆ ಮನಸ್ಸಿನಲ್ಲಿ ಕೂತಿರುವ ನಂಬಿಕೆಗಳನ್ನು ಒಂದೊಂದಾಗಿ ಬರೆದು ಪರೀಕ್ಷಿಸುವ ಪದ್ಧತಿ ಅದು. ಸಾಮಾನ್ಯವಾಗಿ 12 ಸೆಷನ್, ಮಧ್ಯೆ ಮನೆಯಲ್ಲಿ ಹಾಳೆ ತುಂಬಿಸಿಕೊಂಡು ಬರಬೇಕು. ಪದ್ಧತಿಯಲ್ಲಿ ತಪ್ಪಿಲ್ಲ, ಬಹಳ ಜನಕ್ಕೆ ಗುಣ ಕೊಟ್ಟಿದೆ. ಆದರೆ ನಾನು ಹಾಳೆ ತರುವುದನ್ನೇ ಮರೆಯುತ್ತಿದ್ದೆ. ತಂದರೂ ಅರ್ಧ ಖಾಲಿ. ಪ್ರತಿ ಸಲ ಅವರು ಹೇಳುತ್ತಿದ್ದದ್ದು ಒಂದೇ: ‘ನೀವು ನೋವನ್ನು ಎದುರಿಸದೆ ತಪ್ಪಿಸಿಕೊಳ್ಳುತ್ತಿದ್ದೀರಿ.’ ಪಿಟಿಎಸ್‌ಡಿಯ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಯ, ಮುಖ್ಯ ಲಕ್ಷಣಗಳಲ್ಲಿ ತಪ್ಪಿಸಿಕೊಳ್ಳುವುದೂ ಒಂದು, ನಿಜ. ಹಾಗಂತ ಎಡಿಎಚ್‌ಡಿ ಇರುವವಳು ಮರೆತದ್ದನ್ನೆಲ್ಲ ಅದೇ ಲೆಕ್ಕಕ್ಕೆ ಹಾಕಬಹುದಾ? ಮರೆತದ್ದಕ್ಕೆ ಮತ್ತೆ ಒಬ್ಬರ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಬಿಟ್ಟು ಬಂದೆ.

ಎರಡನೆಯವರು ಇಎಂಡಿಆರ್ ಮಾಡುವವರು. ಹಳೆಯ ನೆನಪನ್ನು ಮನಸ್ಸಿಗೆ ತಂದುಕೊಂಡು, ಅದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ಚಲಿಸುವ ಬೆರಳನ್ನೋ ದೀಪವನ್ನೋ ಕಣ್ಣಿನಲ್ಲಿ ಹಿಂಬಾಲಿಸುವುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸೀನ್ ಶಪಿರೊ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಒಟ್ಟು 8 ಹಂತ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಇದೆ. ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ, ಆದರೆ ಮನೆಯಲ್ಲಿ ಬರೆದು ತರುವ ಕೆಲಸ ಹೆಚ್ಚಿಲ್ಲ ಅಂದದ್ದು ಹಿಡಿಸಿತು.

ಶುರುವಿನಲ್ಲೇ ಅವರು ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ: ‘ಏಟು ಶುರುವಾಗುವುದಕ್ಕೆ ಮೊದಲೂ ನೀವು ಹೀಗೇ ಇದ್ರಾ?’ ಗಮನ ನಿಲ್ಲದಿರುವುದು, ನಿದ್ದೆ ಕೆಡುವುದು, ಸಿಡುಕು, ಚಡಪಡಿಕೆ, ಇವೆಲ್ಲ ಎಡಿಎಚ್‌ಡಿಯಲ್ಲೂ ಇರುತ್ತವೆ, ಟ್ರಾಮಾದಲ್ಲೂ ಇರುತ್ತವೆ. ಎಡಿಎಚ್‌ಡಿ ಅನ್ನಬೇಕಾದರೆ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಅವರು ನನ್ನ ಹಳೆಯ ಮಾರ್ಕ್ಸ್ ಕಾರ್ಡ್ ತರಿಸಿ ಟೀಚರ್ ಬರೆದ ಸಾಲುಗಳನ್ನು ಓದಿದರು, ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿದರು. ನನಗೆ ಎರಡೂ ಇದೆ ಅಂತ ಖಚಿತವಾದ ಮೇಲೆಯೇ ಮುಂದಕ್ಕೆ ಹೋದದ್ದು.

ಇನ್ನು ಚಿಕಿತ್ಸೆ. ಬೆರಳು ನೋಡುವುದು ನನ್ನ ಕೈಲಿ ಆಗಲಿಲ್ಲ, ಕಣ್ಣು ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೋಗುತ್ತಿತ್ತು. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಎರಡು ಕೈಗೂ ಒಂದೊಂದು ಪುಟ್ಟ ಯಂತ್ರ ಕೊಟ್ಟರು, ಒಂದಾದ ಮೇಲೆ ಒಂದು ನಡುಗುತ್ತದೆ. ಅದು ಕೂಡಿ ಬಂತು. ಸುಮಾರು ಅರ್ಧ ನಿಮಿಷ ನಡೆಯುತ್ತದೆ, ನಿಲ್ಲಿಸುತ್ತಾರೆ, ‘ಈಗ ಏನು ಬಂತು?’ ಅಂತ ಕೇಳುತ್ತಾರೆ. ಬಂದದ್ದನ್ನು ಒಂದು ಮಾತಿನಲ್ಲಿ ಹೇಳಿದರೆ ಸಾಕು. ಕಥೆಯನ್ನು ಕ್ರಮವಾಗಿ ಹೇಳಬೇಕಿಲ್ಲ. ನಡುವೆ ಎಳೆ ತಪ್ಪಿಸಿಕೊಳ್ಳುವ ನನ್ನಂಥವಳಿಗೆ ಇದು ದೊಡ್ಡ ಸಮಾಧಾನ.

ಒಂದು ಸಲ ಬೆಲ್ಟಿನ ನೆನಪಿನ ಮಧ್ಯೆ ಕರೆಂಟ್ ಬಿಲ್ ಕಟ್ಟಿಲ್ಲ ಅನ್ನುವುದು ಬಂತು. ಹೇಳಿದೆ. ‘ಅದು ಬಂದಾಗ ಮೈ ಹೇಗಿತ್ತು?’ ಅಂದರು. ಹಗುರವಾಗಿತ್ತು, ಸುಮ್ನೆ ತಲೆ ಅಲೆದಾಡಿದ್ದು. ವಾಪಸ್ ಕರೆತಂದರು. ಇನ್ನೊಂದು ಸಲ ಅಂಥದ್ದೇ ಯೋಚನೆ ಬಂದಾಗ ಹೊಟ್ಟೆ ಕಲ್ಲಾಗಿತ್ತು, ಕಿವಿಯಲ್ಲಿ ಗುಯ್ ಅನ್ನುತ್ತಿತ್ತು. ಆಗ ಅವರು ಯಂತ್ರ ನಿಲ್ಲಿಸಿ, ಪಾದ ನೆಲಕ್ಕೆ ಒತ್ತಲು ಹೇಳಿ, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳಿಸಿದರು. ಮೊದಲನೆಯದು ಎಡಿಎಚ್‌ಡಿ, ಎರಡನೆಯದು ನಿಜವಾಗಿಯೂ ತಪ್ಪಿಸಿಕೊಳ್ಳುವುದು. ಈ ವ್ಯತ್ಯಾಸ ಮೈಯಲ್ಲಿ ಗೊತ್ತಾಗುತ್ತದೆ ಅಂತ ನನಗೆ ಕಲಿಸಿದ್ದು ಈ ಚಿಕಿತ್ಸೆಯ ಅತ್ಯಂತ ಬೆಲೆಬಾಳುವ ಭಾಗ. ಈಗ ಆಫೀಸಿನಲ್ಲೂ ಒಂದು ಮೇಲ್‌ಗೆ ಉತ್ತರ ಕೊಡದೆ ಕೂತಾಗ, ಮರೆತೆನಾ ಹೆದರಿದೆನಾ ಅಂತ ನನಗೇ ತಿಳಿಯುತ್ತದೆ.

ಸಣ್ಣ ಏರ್ಪಾಡುಗಳೂ ಚೆನ್ನಾಗಿದ್ದವು. ಹಿಂದಿನ ರಾತ್ರಿ ಒಂದು ಮೆಸೇಜ್, ಒಂದು ಗಂಟೆ ಮೊದಲು ಇನ್ನೊಂದು. ತಡವಾಗಿ ಹೋದರೆ ಉಪದೇಶ ಇಲ್ಲ, ಉಳಿದ ಸಮಯದಲ್ಲಿ ಏನು ಮಾಡಬಹುದೋ ಅದು. ಸೆಷನ್ ಕೊನೆಗೆ ನೆನಪಿಡಬೇಕಾದದ್ದನ್ನು ನನ್ನ ಫೋನಿನಲ್ಲೇ ಧ್ವನಿ ರೆಕಾರ್ಡ್ ಮಾಡಿ ಕೊಡುತ್ತಿದ್ದರು. ಮುಟ್ಟಿನ ಮುಂಚಿನ ದಿನಗಳಲ್ಲಿ ನನ್ನ ಎಡಿಎಚ್‌ಡಿ ಜಾಸ್ತಿಯಾಗುತ್ತದೆ. ಆಗ ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತದೆ, ಅದಕ್ಕೂ ಮಿದುಳಿನಲ್ಲಿ ಗಮನಕ್ಕೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕಕ್ಕೂ ಸಂಬಂಧವಿದೆ ಅಂತ ವಿವರಿಸಿ, ಆ ವಾರ ಭಾರದ ನೆನಪು ತೆರೆಯುತ್ತಿರಲಿಲ್ಲ. ಹೆಂಗಸರಿಗೆ ಚಿಕಿತ್ಸೆ ಕೊಡುವ ಎಲ್ಲರೂ ಇದನ್ನು ಕೇಳಬೇಕು ಅಲ್ವಾ?

ಕಷ್ಟಗಳೂ ಇವೆ. ನೆನಪಿಗೆ ಕೈ ಹಾಕುವ ಮೊದಲಿನ ತಯಾರಿ ಉದ್ದ, ನನಗೆ ತಾಳ್ಮೆ ಕೆಡುತ್ತಿತ್ತು. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಬೇಕು, ಅದು ನನಗೆ ಸುಲಭವಾಗಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ಬೆರಳಿಟ್ಟು ತೋರಿಸುತ್ತಿದ್ದೆ. 90 ನಿಮಿಷದ ಸೆಷನ್ ನನಗೆ ಜಾಸ್ತಿಯಾಯಿತು, ಮಧ್ಯೆ ಎದ್ದು ಓಡಾಡಲು ಬಿಡುವು ಕೇಳಿ ಪಡೆದೆ. ಸೆಷನ್ ಆದ ಮಾರನೆಯ ದಿನ ತಲೆ ಮಂಜು, ಮರೆವು ಇನ್ನೂ ಹೆಚ್ಚು. ಆ ದಿನ ಮುಖ್ಯವಾದ ಕೆಲಸ ಇಟ್ಟುಕೊಳ್ಳಬೇಡಿ.

ಫಲ ಏನು ಅಂದರೆ, ಬೀಗದ ಕೈ ಈಗಲೂ ಕಳೆಯುತ್ತದೆ. ಇಎಂಡಿಆರ್ ಎಡಿಎಚ್‌ಡಿಗೆ ಔಷಧಿಯಲ್ಲ, ಹಾಗೆ ಹೇಳುವವರನ್ನು ನಂಬಬೇಡಿ. ಆದರೆ ಈಗ ನಾನು ಹುಡುಕುತ್ತೇನೆ, ಕೈ ತಣ್ಣಗಾಗುವುದಿಲ್ಲ. ಮಗ ನೀರಿನ ಬಾಟಲಿ ಕಳೆದುಕೊಂಡು ಬಂದರೆ ನನ್ನ ಧ್ವನಿ ಏರುವುದಿಲ್ಲ. ನನಗೆ ಬೇಕಾಗಿದ್ದದ್ದು ಇದೇ.

ಹೋಗುವವರು ಮೊದಲ ಭೇಟಿಯಲ್ಲೇ ಕೇಳಿ: ಮನೆಯಲ್ಲಿ ಮಾಡಲು ಕೊಟ್ಟದ್ದನ್ನು ನಾನು ಮರೆತರೆ ಏನು ಮಾಡುತ್ತೀರಿ? ಕಣ್ಣು ನಿಲ್ಲದಿದ್ದರೆ ಬೇರೆ ದಾರಿ ಇದೆಯಾ? ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ. ಎಡಿಎಚ್‌ಡಿ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ತಿಳಿಸಿ, ಕೆಲವು ಮಾತ್ರೆಗಳಿಂದ ಎದೆಬಡಿತ ಏರುತ್ತದೆ, ಅದನ್ನು ಭಯ ಅಂದುಕೊಳ್ಳುವ ಸಾಧ್ಯತೆ ಇದೆ. ಆದರೂ ಗಮನ ನಿಲ್ಲಬೇಕಾದರೆ ಮಾತ್ರೆಯ ಪರಿಣಾಮ ಇರುವ ಹೊತ್ತಿಗೇ ಸೆಷನ್ ಕೇಳಿ ಪಡೆಯಿರಿ. ನಾನು ಸಂಜೆಯದ್ದನ್ನು ಬೆಳಿಗ್ಗೆಗೆ ಬದಲಾಯಿಸಿಕೊಂಡ ಮೇಲೆ ಬಹಳ ಅನುಕೂಲವಾಯಿತು.